ಮೂವತ್ತನಾಲ್ಕು ಮಂದಿ, ಎರಡು ದಿನ: ಬಳ್ಳಾರಿಯ ಧ್ಯಾನ ಕೇಂದ್ರವೊಂದರಲ್ಲಿ ಕ್ರೈಸ್ತ ಸಭಾನಾಯಕರ ಕೂಟ

ಕಳೆದ ನವೆಂಬರ್ ತಿಂಗಳಲ್ಲಿ ಬಳ್ಳಾರಿ, ವಿಜಯನಗರ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಸಭಾಪಾಲಕರು, ಫಾದರ್‌ಗಳು, ಸಿಸ್ಟರ್‌ಗಳು, ಸ್ವತಂತ್ರ ಸಭೆಗಳ (ಚರ್ಚುಗಳ) ಪಾಸ್ಟರ್‌ಗಳು ಮತ್ತು ಕೆಲವು ಹಿರಿಯ ಸಭಿಕರು ಸೇರಿ ಮೂವತ್ತನಾಲ್ಕು ಮಂದಿಗೆ ಎರಡು ದಿನಗಳ ಸಮಾಲೋಚನಾ ಕೂಟವನ್ನು ಏರ್ಪಡಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಇಂದಿನ ದಿನಗಳಲ್ಲಿ ಕ್ರೈಸ್ತ ಸಾಕ್ಷಿ (ನಮ್ಮ ನಂಬಿಕೆಯನ್ನು ಮಾತಿನಲ್ಲೂ ಬದುಕಿನಲ್ಲೂ ಇತರರಿಗೆ ತಿಳಿಸುವುದು) ಎಂದರೇನು, ನಾವು ಅದನ್ನು ಹೇಳುತ್ತಿರುವ ರೀತಿ ಸರಿಯೇ ಎಂಬುದು ವಿಷಯ. ಅದಕ್ಕಾಗಿ ಬಳ್ಳಾರಿ ನಗರದ ಅಂಚಿನಲ್ಲಿ ಧರ್ಮಭಗಿನಿಯರು ನಡೆಸುತ್ತಿರುವ ಒಂದು ಧ್ಯಾನ ಕೇಂದ್ರವನ್ನು ಗೊತ್ತುಮಾಡಿದ್ದೆವು. ಆಮೇಲೆ ನಾಲ್ಕಾರು ಜನ ಫೋನು ಮಾಡಿ ಆ ಸ್ಥಳ ಹೇಗಿದೆ, ಇಂಥ ಕೂಟಕ್ಕೆ ಅನುಕೂಲವೇ ಎಂದು ವಿಚಾರಿಸಿದ್ದರಿಂದ ನನ್ನ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮುಂದೆ ಹೇಳುವ ಕೊರತೆಗಳನ್ನು ನಡೆಸುವವರಿಗೆ ಮುಖತಃ ತಿಳಿಸಿದ್ದೇನೆ, ಅವುಗಳನ್ನು ಸರಿಪಡಿಸಿಕೊಳ್ಳುವ ಮನಸ್ಸು ಅವರಿಗಿದೆ.

ಬಳ್ಳಾರಿಯನ್ನೇ ಆರಿಸಿಕೊಂಡದ್ದಕ್ಕೆ ಮೊದಲ ಕಾರಣ ಪ್ರಯಾಣ. ಕೊಪ್ಪಳ ಮತ್ತು ಹೊಸಪೇಟೆಯವರಿಗೆ ಹುಬ್ಬಳ್ಳಿ–ಗುಂತಕಲ್ ಮಾರ್ಗದ ರೈಲು ಸಿಗುತ್ತದೆ. ಸಿಂಧನೂರು ಕಡೆಯವರು ಸಿರುಗುಪ್ಪದ ಮೇಲೆ ಬಸ್ಸಿನಲ್ಲಿ ಬರುತ್ತಾರೆ. ಎರಡನೆಯ ಕಾರಣ ಇತಿಹಾಸದ್ದು. ಪ್ರೊಟೆಸ್ಟೆಂಟರ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ಕೈಹಾಕಿದರು. ಸಂಪೂರ್ಣ ಕನ್ನಡ ಬೈಬಲು 1831ರ ಹೊತ್ತಿಗೆ ಸಿದ್ಧವಾಯಿತು. ರಾಯಚೂರು ಜಿಲ್ಲೆಯ ಮುದಗಲ್ಲಿನ ಕಥೋಲಿಕ ಸಮುದಾಯವಂತೂ ಅದಕ್ಕಿಂತ ಬಹಳ ಹಿಂದಿನದು, ಆದಿಲಶಾಹಿ ಕಾಲದ್ದು. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಕಥೋಲಿಕ ಧರ್ಮಕ್ಷೇತ್ರದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ) ವ್ಯಾಪ್ತಿಗೂ ಈ ಜಿಲ್ಲೆಗಳೇ ಸೇರುತ್ತವೆ. ಹೀಗೆ ಬೇರೆಬೇರೆ ದಾರಿಯಿಂದ ಬಂದ ಸಭೆಗಳು ಒಂದೇ ನೆಲದಲ್ಲಿ ಅಕ್ಕಪಕ್ಕ ಇದ್ದೂ ಒಬ್ಬರ ಮನೆಯ ಊಟ ಇನ್ನೊಬ್ಬರು ಮಾಡಿಲ್ಲವೆಂಬುದು ನನಗೆ ಬಹಳ ವರ್ಷಗಳಿಂದ ನೋವಿನ ಸಂಗತಿಯಾಗಿತ್ತು.

ಸ್ಥಳ ಹುಡುಕುವಾಗ ಮೂರು ಕಡೆ ನೋಡಿದೆವು. ಹೋಟೆಲೊಂದರ ಹವಾನಿಯಂತ್ರಿತ ಸಭಾಂಗಣ ನಮ್ಮ ಕೈಗೆಟಕುವಂತಿರಲಿಲ್ಲ. ಚರ್ಚಿನ ಸಭಾಂಗಣವೊಂದು ಉಚಿತವಾಗಿ ಸಿಗುತ್ತಿತ್ತು. ಆದರೆ ಬೆಂಚುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿದ್ದವು, ಎದುರಿಗೆ ಎತ್ತರದ ವೇದಿಕೆ ಇತ್ತು. ನಮ್ಮ ಕಡೆ ವೇದಿಕೆ ಇದ್ದಲ್ಲಿ ಕಾರ್ಯಕ್ರಮ ತಾನಾಗಿಯೇ ಒಂದು ಆಕಾರ ಪಡೆಯುತ್ತದೆ: ಹಿರಿಯರನ್ನು ಮೇಲೆ ಕರೆಯಬೇಕು, ಶಾಲು ಹೊದಿಸಬೇಕು, ಸ್ವಾಗತ ಭಾಷಣ, ಪ್ರಾಸ್ತಾವಿಕ, ಅಧ್ಯಕ್ಷೀಯ ನುಡಿ ಎಲ್ಲ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ, ಕೆಳಗೆ ಕುಳಿತವರು ಆ ದಿನವಿಡೀ ಕೇಳುವವರಾಗಿಯೇ ಉಳಿಯುತ್ತಾರೆ. ಧ್ಯಾನ ಕೇಂದ್ರದ ಸಭಾಂಗಣದಲ್ಲಿ ವೇದಿಕೆಯೇ ಇಲ್ಲ. ಕಡಪ ಕಲ್ಲಿನ ನೆಲ, ಎರಡೂ ಬದಿಗೆ ದೊಡ್ಡ ಕಿಟಕಿಗಳು, ಗೋಡೆಗೆ ಒಂದು ಮರದ ಶಿಲುಬೆ, ಮೂಲೆಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ ಹಸಿರು ಪ್ಲಾಸ್ಟಿಕ್ ಕುರ್ಚಿಗಳು, ಇಷ್ಟೇ. ಮುಂಗಡ ಕೊಡಲು ಹೋದ ದಿನ ಅದನ್ನು ಕಂಡೊಡನೆ ನನ್ನ ಮನಸ್ಸು ನಿಂತಿತು.

ಕೂಟದ ಬೆಳಿಗ್ಗೆ ಕುರ್ಚಿಗಳನ್ನು ದುಂಡಗೆ ಜೋಡಿಸುತ್ತಿದ್ದಾಗ ಕೇಂದ್ರದ ಮೇಲ್ವಿಚಾರಕಿ ಸಿಸ್ಟರ್ ಬಂದು, ದೊಡ್ಡವರು ಯಾರಾದರೂ ಬಂದರೆ ಕೂರಿಸಲು ಕೆಂಪು ಮಖಮಲ್ಲಿನ ಕೈಕುರ್ಚಿಯೊಂದಿದೆ, ತರಿಸಲೇ ಎಂದು ಕೇಳಿದರು. ಬೇಡ ಸಿಸ್ಟರ್, ವರಾಂಡದಲ್ಲೇ ಇರಲಿ ಎಂದೆ. ಎರಡು ದಿನವೂ ಅದು ಅಲ್ಲಿಯೇ ಇತ್ತು. ಒಂದು ಸಭೆಯ ಅತಿ ಹಿರಿಯ ನಾಯಕರು ಒಳಗೆ ಬಂದವರು, ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ ವಾರವೆಲ್ಲ ಗಾರೆ ಕೆಲಸ ಮಾಡಿ ಭಾನುವಾರ ಸಭೆ ನಡೆಸುವ ಯುವ ಪಾಸ್ಟರೊಬ್ಬರ ಪಕ್ಕದಲ್ಲಿ ಕುಳಿತರು. 1910ರಲ್ಲಿ ಎಡಿನ್‌ಬರೋದಲ್ಲಿ ನಡೆದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಭಾರತದ ವಿ. ಎಸ್. ಅಜರಯ್ಯನವರು, ಮುಂದೆ 1912ರಲ್ಲಿ ಈಗಿನ ತೆಲಂಗಾಣದ ದೋರ್ನಕಲ್ಲಿನ ಬಿಷಪ್ ಆದವರು, ಪಶ್ಚಿಮದ ಮಿಷನರಿಗಳ ಮುಂದೆ ನಿಂತು ನೀವು ನಮಗಾಗಿ ಬಹಳ ತ್ಯಾಗ ಮಾಡಿದ್ದೀರಿ, ಆದರೆ ನಮಗೆ ಬೇಕಾಗಿರುವುದು ಸ್ನೇಹಿತರು ಎಂಬ ಅರ್ಥದ ಮಾತು ಆಡಿದ್ದರು. ಸ್ನೇಹದ ಆ ಕೊರತೆ ಬಿಳಿಯರಿಗೂ ನಮಗೂ ನಡುವೆ ಮಾತ್ರ ಇದ್ದದ್ದಲ್ಲ, ನಮ್ಮನಮ್ಮಲ್ಲೇ ಇದೆ ಎಂದು ಆ ಯುವ ಪಾಸ್ಟರ್ ಮೊದಲ ಗೋಷ್ಠಿಯಲ್ಲೇ ಹೇಳಿದಾಗ ಯಾರೂ ಎದುರಾಡಲಿಲ್ಲ. ಎತ್ತರದ ವೇದಿಕೆಯ ಮುಂದೆ ಆತ ಬಾಯಿ ತೆರೆಯುತ್ತಿರಲಿಲ್ಲವೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಬೇರೆಬೇರೆ ಸಭೆಗಳವರನ್ನು ಒಂದೆಡೆ ಸೇರಿಸುವವರು ಆರಾಧನೆಯ ಸ್ಥಳದ ಬಗ್ಗೆ ಮೊದಲೇ ಯೋಚಿಸಬೇಕು. ಅಂಗಳದಲ್ಲಿ ಯೇಸುವಿನ ತಾಯಿ ಮಾತೆ ಮರಿಯಳ ಪ್ರತಿಮೆಯಿರುವ ಗವಿಯಿದೆ. ಪ್ರತಿಮೆಗಳಿರುವ ಕಡೆ ಪ್ರಾರ್ಥಿಸಲು ಮನಸ್ಸೊಪ್ಪದ ಪಾಸ್ಟರ್‌ಗಳೂ ನಮ್ಮೊಡನೆ ಇದ್ದರು. ಕಥೋಲಿಕರು ಮತ್ತು ಪ್ರೊಟೆಸ್ಟೆಂಟರು ಪ್ರಭುಭೋಜನವನ್ನು (ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರವನ್ನು) ಒಟ್ಟಿಗೆ ಆಚರಿಸುವಂತಿಲ್ಲ ಎಂಬುದಂತೂ ಎಲ್ಲರಿಗೂ ಗೊತ್ತಿರುವ ನೋವು. ಸಿಸ್ಟರ್ ಈ ಎರಡನ್ನೂ ನಾನು ಹೇಳುವ ಮುನ್ನವೇ ಅರಿತಿದ್ದರು. ಬೆಳಿಗ್ಗೆ ಆರಕ್ಕೆ ಕಥೋಲಿಕರ ಬಲಿಪೂಜೆಗೆ (ಮಾಸ್‌ಗೆ) ಹೋಗುವವರಿಗೆ ಕಿರುದೇವಾಲಯ, ಅದೇ ಹೊತ್ತಿಗೆ ಉಳಿದವರಿಗೆ ಸಭಾಂಗಣ, ಏಳಕ್ಕೆ ಎಲ್ಲರಿಗೂ ಹಿತ್ತಲಿನ ಬೇವಿನ ಮರದ ಕೆಳಗೆ ಜಮಖಾನೆ. ಅಲ್ಲಿ ಒಂದೇ ವಾಕ್ಯಭಾಗವನ್ನು ಕಥೋಲಿಕರ ಅನುವಾದದಲ್ಲಿ ಒಮ್ಮೆ, ಪ್ರೊಟೆಸ್ಟೆಂಟರ ಹಳೆಯ ಅನುವಾದದಲ್ಲಿ ಒಮ್ಮೆ ಓದಿದೆವು. ಯೇಸುವಿನ ಒಳ್ಳೆಯ ಸುದ್ದಿ ಒಬ್ಬರಿಗೆ ‘ಶುಭಸಂದೇಶ’, ಇನ್ನೊಬ್ಬರಿಗೆ ‘ಸುವಾರ್ತೆ’. ಈ ಸೂಕ್ಷ್ಮತೆಯನ್ನು ದುಡ್ಡು ಕೊಟ್ಟು ಪಡೆಯಲಾಗದು. ಈ ಕೇಂದ್ರವನ್ನು ಇತರರಿಗೆ ಹೇಳಲು ನನಗೆ ಇದೊಂದೇ ಸಾಕು.

ಇನ್ನು ಅಡುಗೆಮನೆಯ ಮಾತು. ಬೆಳಿಗ್ಗೆ ಒಗ್ಗರಣೆ-ಮಿರ್ಚಿ, ಎರಡನೆಯ ದಿನ ಉಪ್ಪಿಟ್ಟು. ಮಧ್ಯಾಹ್ನ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿಪುಡಿ, ಮೊಸರು, ಕೊನೆಗೆ ಅನ್ನ-ಸಾರು. ರಾತ್ರಿ ಒಂದು ದಿನ ಮಾತ್ರ ಕೋಳಿಸಾರು ಇತ್ತು. ರೊಟ್ಟಿಯನ್ನು ಮೊದಲೇ ಬಡಿದು ಪೇರಿಸಿಟ್ಟಿರಲಿಲ್ಲ. ಮೂವರು ಹೆಂಗಸರು ಬಡಿಯುತ್ತಿದ್ದಂತೆ ಹೆಂಚಿನಿಂದಲೇ ತಟ್ಟೆಗೆ ಬರುತ್ತಿತ್ತು, ಆದ್ದರಿಂದ ಊಟಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಮೊದಲು ನನಗೆ ಚಡಪಡಿಕೆಯಾಯಿತು, ವೇಳಾಪಟ್ಟಿಯಲ್ಲಿ ಮುಕ್ಕಾಲು ಗಂಟೆ ಬರೆದಿದ್ದೆ. ರೊಟ್ಟಿಗೆ ಕಾಯುತ್ತ ಕುಳಿತವರ ಮಾತುಗಳನ್ನು ಕೇಳಿದ ಮೇಲೆ ಮಧ್ಯಾಹ್ನದ ಮೊದಲ ಗೋಷ್ಠಿಯನ್ನು ಅರ್ಧ ಗಂಟೆ ಮೊಟಕುಗೊಳಿಸಿದೆ. ಮುಂದಿನವರು ಈ ಸಮಯವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಊಟದ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಸಭಾಂಗಣದ ಗೋಡೆಗೆ ಮೊಳೆ ಹೊಡೆಯಲು ಅನುಮತಿ ಇಲ್ಲದ ಕಾರಣ ನಮ್ಮ ಬ್ಯಾನರನ್ನು ಊಟದ ಮನೆಯ ಕಿಟಕಿ ಸರಳಿಗೆ ಕಟ್ಟಿದ್ದೆವು. ರೊಟ್ಟಿ ಬಡಿಸುತ್ತಿದ್ದ ಒಬ್ಬಾಕೆ, ಪಕ್ಕದ ಹಳ್ಳಿಯವರು, ಕ್ರೈಸ್ತರಲ್ಲ, ಅದನ್ನು ನಿಧಾನವಾಗಿ ಓದಿ, “ಸಾಕ್ಷಿ ಅಂದ್ರ ಕೋರ್ಟಿನಾಗ ಹೇಳೋದಲ್ರೀ ಅಯ್ಯಾರ? ನಾನೂ ಒಂದ್ಸಲ ಹೇಳೀನಿ, ಹೊಲದ ಕೇಸಿಗೆ. ಕೇಳಿದಷ್ಟಕ್ಕ ಹೇಳಮ್ಮಾ, ಕಂಡದ್ದಷ್ಟ ಹೇಳು, ಮಂದಿ ಹೇಳಿದ್ದು ಹೇಳಬ್ಯಾಡ ಅಂದಿದ್ರು ವಕೀಲ್ರು” ಎಂದರು. ತಟ್ಟೆಯ ಮುಂದೆ ಕುಳಿತಿದ್ದ ಮೆಥಡಿಸ್ಟ್ ಸಭಾಪಾಲಕರೊಬ್ಬರು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳಮ್ಮಾ ಎಂದು ಕೇಳಿ ಡೈರಿಯಲ್ಲಿ ಬರೆದುಕೊಂಡರು. ಆ ಮಧ್ಯಾಹ್ನದ ಚರ್ಚೆ ಪೂರ್ತಿ ಆ ಮಾತಿನ ಮೇಲೆಯೇ ನಡೆಯಿತು: ನಾವು ಕಂಡದ್ದೆಷ್ಟು, ಕಲಿತು ಒಪ್ಪಿಸುತ್ತಿರುವುದೆಷ್ಟು, ಯಾರೂ ಕೇಳದಿದ್ದಾಗ ಧ್ವನಿವರ್ಧಕದಲ್ಲಿ ಹೇಳುವುದಕ್ಕೆ ಸಾಕ್ಷಿ ಎನ್ನಬಹುದೇ, ನೆರೆಯವರು ತಾವಾಗಿಯೇ ಬಂದು ಕೇಳುವಂತೆ ನಮ್ಮ ಬದುಕು ಇದೆಯೇ. ಸಾರುವುದು ನಮಗೆ ಕೊಟ್ಟ ಆಜ್ಞೆ, ಕೇಳುವವರೆಗೆ ಕಾಯಲಾಗದು ಎಂದು ಇಬ್ಬರು ಪಾಸ್ಟರ್‌ಗಳು ಬಲವಾಗಿ ವಾದಿಸಿದರು. ಅವರ ವಾದವನ್ನೂ ತಳ್ಳಿಹಾಕದೆ ಕೂಟದ ಬರವಣಿಗೆಯಲ್ಲಿ ಸೇರಿಸಿದ್ದೇವೆ.

ಕೊರತೆಗಳಲ್ಲಿ ದೊಡ್ಡದು ಮಹಿಳೆಯರ ಕೊಠಡಿಗಳದು. ಒಂಬತ್ತು ಮಂದಿ ಸ್ತ್ರೀಯರು ಬರುತ್ತಾರೆಂದು ಒಂದು ತಿಂಗಳು ಮುಂಚೆಯೇ ತಿಳಿಸಿ, ಐದು ಕೊಠಡಿಗಳಿಗೆ ಮುಂಗಡ ಕೊಟ್ಟಿದ್ದೆವು. ಮೊದಲ ದಿನ ಸಂಜೆ ನೋಡಿದರೆ ಅದರಲ್ಲಿ ಎರಡನ್ನು ಬೇರೊಂದು ಕುಟುಂಬಕ್ಕೆ ಕೊಟ್ಟಿದ್ದರು. ಕಾಯ್ದಿರಿಸುವ ಪುಸ್ತಕ ಒಬ್ಬರ ಬಳಿ, ಬೀಗದ ಕೈ ಇನ್ನೊಬ್ಬರ ಬಳಿ ಇದ್ದದ್ದರಿಂದ ಆದ ಎಡವಟ್ಟು ಇದು. ದೂರದ ಹಳ್ಳಿಗಳಿಂದ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ನಾಲ್ವರು ಆ ರಾತ್ರಿ ಸಭಾಂಗಣದಲ್ಲಿ ಹಾಸಿಗೆ ಹಾಸಿಕೊಂಡು ಮಲಗಬೇಕಾಯಿತು. ಅವರು ಗೊಣಗಲಿಲ್ಲ, ಅದೇ ನನ್ನನ್ನು ಹೆಚ್ಚು ಬಾಧಿಸಿತು. ನಮ್ಮ ಸಭೆಗಳಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ಕಾಣುವವರು, ಜಗಳವಾದ ಮನೆಯಲ್ಲಿ ಕುಳಿತು ಬುದ್ಧಿ ಹೇಳುವವರು ಈ ಹೆಂಗಸರೇ, ಅನುಕೂಲ ಕಡಿಮೆಯಾದಾಗ ಮೊದಲು ಬಿಟ್ಟುಕೊಡುವವರೂ ಇವರೇ. ಸಿಸ್ಟರ್ ಮರುದಿನ ಬೆಳಿಗ್ಗೆ ಎಲ್ಲರ ಎದುರಿಗೆ ಕ್ಷಮೆ ಕೇಳಿ ಆ ಎರಡು ಕೊಠಡಿಗಳ ಬಾಡಿಗೆಯನ್ನು ಬಿಟ್ಟರು. ಆದರೂ ತಪ್ಪು ತಪ್ಪೇ. ಕೊಠಡಿಗಳ ಸಂಖ್ಯೆಯನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ, ಹಿಂದಿನ ದಿನ ಸಂಜೆ ಒಬ್ಬರು ಹೋಗಿ ಬೀಗದ ಕೈಗಳನ್ನು ಎಣಿಸಿ ಪಡೆಯಿರಿ.

ಎರಡನೆಯ ದಿನ ಬೆಳಿಗ್ಗೆ ತೊಟ್ಟಿಯಲ್ಲಿ ನೀರು ಮುಗಿದಿತ್ತು, ಟ್ಯಾಂಕರ್ ಬರುವಷ್ಟರಲ್ಲಿ ಎಂಟು ಗಂಟೆಯಾಯಿತು. ಧ್ವನಿವರ್ಧಕ ಗರಗರ ಸದ್ದು ಮಾಡುತ್ತದೆ; ದುಂಡಗೆ ಕೂರುವವರಿಗೆ ಅದು ಬೇಕಾಗುವುದೂ ಇಲ್ಲ. ಪ್ರೊಜೆಕ್ಟರ್ ಇಲ್ಲ. ಜೆರಾಕ್ಸ್ ಯಂತ್ರವೂ ಇಲ್ಲದ ಕಾರಣ ನಗರದೊಳಗೆ ರಾಯಲ್ ವೃತ್ತದ ಕಡೆಗೆ ಹೋಗಬೇಕಾಯಿತು, ಅಲ್ಲಿ ಕರೆಂಟು ಹೋಗಿ ಅರ್ಧ ಪ್ರತಿಗಳಷ್ಟೇ ಸಿಕ್ಕವು. ನಾವು ಓದಬೇಕಾಗಿದ್ದದ್ದು 2011ರ ಜೂನ್‌ನಲ್ಲಿ ಸಭೆಗಳ ಜಾಗತಿಕ ಮಂಡಳಿ (ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್), ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಪೀಠ ಮತ್ತು ಜಾಗತಿಕ ಇವ್ಯಾಂಜಲಿಕಲ್ ಒಕ್ಕೂಟ ಮೂರೂ ಸೇರಿ ಹೊರತಂದ, ಬಹುಧರ್ಮೀಯ ಜಗತ್ತಿನಲ್ಲಿ ಕ್ರೈಸ್ತ ಸಾಕ್ಷಿಯ ನಡತೆಯನ್ನು ಕುರಿತ ದಾಖಲೆಯ ಕನ್ನಡ ಸಾರಾಂಶ. ಅದರಲ್ಲಿ ಹನ್ನೆರಡು ತತ್ವಗಳು, ಆರು ಶಿಫಾರಸುಗಳು ಇವೆ. ಆಮಿಷ, ಒತ್ತಡ, ಮೋಸ ಇವು ಸುವಾರ್ತೆಗೆ ದ್ರೋಹವೆಂದೂ, ರೋಗಿಗಳಿಗಾಗಿ ಪ್ರಾರ್ಥಿಸುವವರು ಅವರ ಅಸಹಾಯಕತೆಯನ್ನು ದುರುಪಯೋಗ ಮಾಡಿಕೊಳ್ಳಬಾರದೆಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ಇಬ್ಬರಿಗೊಂದು ಪ್ರತಿ ಹಂಚಿದ್ದರಿಂದ ಒಬ್ಬ ಫಾದರ್ ಮತ್ತು ಒಬ್ಬ ಪೆಂತೆಕೋಸ್ತ ಪಾಸ್ಟರ್ ಒಂದೇ ಹಾಳೆಯ ಮೇಲೆ ತಲೆ ಬಗ್ಗಿಸಿ ಓದಬೇಕಾಯಿತು, ಸ್ವಸ್ಥತೆಯ ಪ್ರಾರ್ಥನೆಯ ಭಾಗಕ್ಕೆ ಬಂದಾಗ ಅವರಿಬ್ಬರ ಮಾತು ಚಹಾ ವಿರಾಮವನ್ನೂ ದಾಟಿತು. ನಿಮ್ಮ ಪ್ರತಿಗಳನ್ನು ಮನೆಯಿಂದಲೇ ತನ್ನಿ, ಇಬ್ಬರಿಗೊಂದೇ ಹಂಚಿ.

ವೆಚ್ಚ: ತಲೆಗೆ ದಿನಕ್ಕೆ 600 ರೂಪಾಯಿ, ಮೂರು ಊಟ-ತಿಂಡಿ, ಎರಡು ಸಲ ಚಹಾ ಮತ್ತು ವಸತಿ ಸೇರಿ, ಸಭಾಂಗಣಕ್ಕೆ ಬೇರೆ ಬಾಡಿಗೆ ಇಲ್ಲ. ದಿನಗೂಲಿ ಬಿಟ್ಟು ಬಂದ ಪಾಸ್ಟರ್‌ಗಳಿಗೆ ಬಸ್ ಚಾರ್ಜನ್ನು ನಾವು ಬೇರೆಯಾಗಿ ಕೊಟ್ಟೆವು. ಶನಿವಾರ-ಭಾನುವಾರ ಸಭಾಪಾಲಕರು ಬರಲಾರರು, ಮಂಗಳವಾರ-ಬುಧವಾರ ಸೂಕ್ತ. ಏಪ್ರಿಲ್-ಮೇ ತಿಂಗಳಿನಲ್ಲಿ ಈ ಸಭಾಂಗಣದ ಸಿಮೆಂಟು ಚಾವಣಿಯ ಕೆಳಗೆ ಕೂರುವುದು ಕಷ್ಟ. ತಪಸ್ಸು ಕಾಲವನ್ನೂ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಆಗಮನ ಕಾಲವನ್ನೂ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು) ತಪ್ಪಿಸಬೇಕು. ನನ್ನ ಮಟ್ಟಿಗೆ ಅನುಕೂಲವಾದದ್ದು ಜನವರಿಯ ಕೊನೆ, ಇಲ್ಲವೇ ನವೆಂಬರಿನ ಮೊದಲ ಮೂರು ವಾರಗಳು.

ನಲವತ್ತರ ಒಳಗಿನ ಕೂಟಕ್ಕೆ, ಭಾಷಣಕ್ಕಿಂತ ಮಾತುಕತೆ ಬೇಕೆನ್ನುವವರಿಗೆ, ಈ ಕೇಂದ್ರವನ್ನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ನೂರು-ಇನ್ನೂರು ಜನರ ಸಮಾವೇಶಕ್ಕೆ ಇದು ಆಗದು. ನಮ್ಮ ಮುಂದಿನ ಕೂಟಕ್ಕೆ ಜನವರಿಯ ಕೊನೆಯ ವಾರವನ್ನು ಇಲ್ಲಿಯೇ ಕಾಯ್ದಿರಿಸಿದ್ದೇವೆ. ರಸೀದಿಯ ಹಿಂಬದಿಗೆ ಐದು ಕೊಠಡಿಗಳ ಸಂಖ್ಯೆಯನ್ನೂ, ಹಿಂದಿನ ರಾತ್ರಿಯೇ ತೊಟ್ಟಿ ತುಂಬಿಸುವ ಮಾತನ್ನೂ ಬರೆದು ಸಿಸ್ಟರ್ ಸಹಿ ಹಾಕಿದ್ದಾರೆ. ಊಟಕ್ಕೆ ಒಂದೂಕಾಲು ಗಂಟೆ ಎಂದು ನಾನು ವೇಳಾಪಟ್ಟಿಯಲ್ಲಿ ಬರೆದಿದ್ದೇನೆ.