ಪ್ಲ್ಯಾಂಕ್ ಲೆಗಸಿ ಆರ್ಕೈವ್: ನಕ್ಷತ್ರ ಹುಟ್ಟುವ ಮೋಡಗಳ ಕಾಂತಕ್ಷೇತ್ರ ನೋಡಬಯಸುವವರಿಗೆ

ನಕ್ಷತ್ರಗಳು ಹುಟ್ಟುವ ಅಣುಮೋಡಗಳಲ್ಲಿ (ತಣ್ಣನೆಯ ಅನಿಲ ಮತ್ತು ದೂಳಿನ ದಟ್ಟ ಮೋಡಗಳಲ್ಲಿ) ಕಾಂತಕ್ಷೇತ್ರ ಹೇಗೆ ಹರಡಿಕೊಂಡಿದೆ ಎಂಬುದನ್ನು ಬೇರೆಯವರು ಬಿಡಿಸಿಕೊಟ್ಟ ಚಿತ್ರದಲ್ಲಿ ನೋಡಿ ಸುಮ್ಮನಾಗದೆ, ತಾವೇ ಲೆಕ್ಕ ಹಾಕಿ ಕಾಣಬೇಕೆನ್ನುವವರಿಗೆ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಪ್ಲ್ಯಾಂಕ್ ಲೆಗಸಿ ಆರ್ಕೈವ್ ಅತ್ಯುತ್ತಮ ಆರಂಭ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಇಲ್ಲಿನ ದತ್ತಾಂಶವೆಲ್ಲ ಉಚಿತ. 2009ರ ಮೇ 14ರಂದು ಹರ್ಷೆಲ್ ದೂರದರ್ಶಕದ ಜೊತೆಯಲ್ಲೇ ಉಡಾವಣೆಯಾದ ಪ್ಲ್ಯಾಂಕ್, ವಿಶ್ವದ ಆದಿಯಲ್ಲಿ ಹೊರಟ ಬೆಳಕಿನ ಉಳಿಕೆಯನ್ನು ಅಳೆಯಲು ಹೋದ ಉಪಗ್ರಹ. ಆ ಬೆಳಕಿಗೆ ಅಡ್ಡ ಬರುವ ನಮ್ಮ ಆಕಾಶಗಂಗೆಯ ದೂಳನ್ನು ಬೇರ್ಪಡಿಸುವ ಸಲುವಾಗಿ ಅದು ದೂಳಿನ ವಿಕಿರಣವನ್ನೂ ಇಡೀ ಆಕಾಶದಲ್ಲಿ ಅಳೆಯಬೇಕಾಯಿತು. ವಿಶ್ವವಿಜ್ಞಾನಿಗಳು ಸೋಸಿ ತೆಗೆಯುವ ಆ ದೂಳೇ ನಮಗೆ ಬೇಕಾದ ಮಾಲು.

ಮೋಡದಲ್ಲಿರುವ ದೂಳಿನ ಕಣಗಳು ದುಂಡಗಿರುವುದಿಲ್ಲ. ತಿರುಗುತ್ತಲೇ ಅವು ತಮ್ಮ ಗಿಡ್ಡ ಅಕ್ಷವನ್ನು ಕಾಂತಕ್ಷೇತ್ರದ ದಿಕ್ಕಿಗೆ ಹೊಂದಿಸಿಕೊಳ್ಳುವುದರಿಂದ, ಅವು ಸೂಸುವ ವಿಕಿರಣ ಕ್ಷೇತ್ರಕ್ಕೆ ಅಡ್ಡಲಾಗಿ ಧ್ರುವೀಕರಣಗೊಂಡಿರುತ್ತದೆ, ಎಂದರೆ ಅದರ ಅಲೆಗಳು ಹೆಚ್ಚಾಗಿ ಆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಪ್ಲ್ಯಾಂಕ್‌ನ ಒಂಬತ್ತು ಆವರ್ತನಗಳಲ್ಲಿ ಧ್ರುವೀಕರಣ ಅಳೆಯಬಲ್ಲವು ಏಳು. ಅವುಗಳಲ್ಲಿ ಅತಿ ಹೆಚ್ಚಿನದಾದ 353 ಗಿಗಾಹರ್ಟ್ಸ್‌ನ ನಕ್ಷೆಯೇ ಈ ಕೆಲಸಕ್ಕೆ ಸರಿಯಾದದ್ದು. ನಕ್ಷೆಯಲ್ಲಿ ಐದು ಕೋಟಿಗೂ ಹೆಚ್ಚು ಬಿಂದುಗಳಿವೆ. ಒಟ್ಟು ಪ್ರಕಾಶವನ್ನು ಹೇಳುವ ಐ, ಧ್ರುವೀಕರಣದ ಪ್ರಮಾಣ ಮತ್ತು ದಿಕ್ಕನ್ನು ಒಟ್ಟಾಗಿ ಹೇಳುವ ಕ್ಯೂ, ಯು ಎಂಬ ಮೂರು ಸ್ಟೋಕ್ಸ್ ಅಂಕಣಗಳೇ ಸುಮಾರು 600 ಮೆಗಾಬೈಟ್ ಆಗುತ್ತವೆ. ಪೈಥಾನ್ ಸ್ವಲ್ಪ ಬಲ್ಲವರಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

ಇಳಿಸಿಕೊಂಡ ಮೇಲೆ ಎಚ್ಚರ ವಹಿಸಬೇಕಾದ ಒಂದು ಜಾಗವಿದೆ. ಖಗೋಳಜ್ಞರು ಸಾಮಾನ್ಯವಾಗಿ ಬಳಸುವ ಪದ್ಧತಿಗೆ ಹೋಲಿಸಿದರೆ ಈ ನಕ್ಷೆಗಳಲ್ಲಿ ಯು ಅಂಕಣದ ಚಿಹ್ನೆ ತಿರುವುಮುರುವಾಗಿರುತ್ತದೆ. ಜೊತೆಗೆ ಕೋನಗಳನ್ನು ಆಕಾಶಗಂಗೆಯ ಉತ್ತರದಿಂದ ಅಳೆಯಲಾಗಿದೆಯೇ ಹೊರತು ನಾವು ನಕ್ಷತ್ರಪಟದಲ್ಲಿ ಬಳಸುವ ಉತ್ತರದಿಂದಲ್ಲ. ಮೊದಲ ಸಲ ನಾನು ಚಿಹ್ನೆ ಬದಲಿಸುವುದನ್ನು ಮರೆತಿದ್ದೆ. ಕ್ಷೇತ್ರದ ಗೆರೆಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಂಡಿದ್ದವು, ಆದರೂ ಚಿತ್ರ ನೋಡಲು ನಂಬುವಂತೆಯೇ ಇತ್ತು. ಚಿಹ್ನೆ ಸರಿಪಡಿಸಿ ಕೋನಕ್ಕೆ 90 ಡಿಗ್ರಿ ಸೇರಿಸಿದ ಮೇಲಷ್ಟೇ ಕ್ಷೇತ್ರದ ನಿಜವಾದ ದಿಕ್ಕು ಸಿಕ್ಕಿತು.

ಹೊಸಬರು ವೃಷಭ ರಾಶಿಯ ಮೋಡದಿಂದ ಆರಂಭಿಸಬಹುದು. ಕೃತ್ತಿಕೆಯ ಪೂರ್ವಕ್ಕೆ, ರೋಹಿಣಿಯ ಉತ್ತರಕ್ಕೆ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ ಅದು ಹಬ್ಬಿದೆ. ಅಲ್ಲಿ ಬಿ211 ಎಂಬ ದಟ್ಟವಾದ ಉದ್ದನೆಯ ಎಳೆಯೊಂದಿದೆ. ಅದರ ಮೇಲೆ ಕ್ಷೇತ್ರದ ಗೆರೆಗಳನ್ನು ಹಾಸಿದಾಗ, ಗೆರೆಗಳು ಎಳೆಯನ್ನು ಹೆಚ್ಚುಕಡಿಮೆ ಲಂಬವಾಗಿ ಹಾಯುತ್ತವೆ; ಎಳೆಯ ಆಚೀಚೆ ಇರುವ ತೆಳುವಾದ ಅನಿಲದ ಗೀರುಗಳು ಮಾತ್ರ ಕ್ಷೇತ್ರದ ದಿಕ್ಕಿನಲ್ಲೇ ಮಲಗಿರುತ್ತವೆ. ಕ್ಷೇತ್ರದ ಗುಂಟ ಅನಿಲ ಜಾರಿ ಬಂದು ಎಳೆಗೆ ಸೇರುತ್ತಿರಬಹುದೆಂಬ ವಾದ ಈ ಹೊಂದಾಣಿಕೆಯನ್ನೂ ಆಧರಿಸಿದೆ. ಪ್ಲ್ಯಾಂಕ್ ತಂಡ ಹತ್ತು ಸಮೀಪದ ಮೋಡಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ ಜಾಡಿನದು: ತೆಳುವಾದ ಕಡೆ ರಚನೆಗಳು ಕ್ಷೇತ್ರಕ್ಕೆ ಸಮಾಂತರ, ದಟ್ಟವಾದ ಕಡೆ ಲಂಬ. ಈ ಬದಲಾವಣೆಯನ್ನು ಸ್ವಂತ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಿಂದುಬಿಂದುವಾಗಿ ಕಂಡಾಗ ಆಗುವ ಸಂತೋಷಕ್ಕಾಗಿಯೇ ನಾನು ಈ ಭಂಡಾರವನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ.

ಆದರೆ ಇದರಿಂದ ಸಿಗದಿರುವುದೂ ಬಹಳವಿದೆ. ಕಾಣುವುದು ನಮ್ಮ ದೃಷ್ಟಿರೇಖೆಗೆ ಅಡ್ಡಲಾದ ದಿಕ್ಕು ಮಾತ್ರ. ಕ್ಷೇತ್ರ ಎಷ್ಟು ಬಲವಾಗಿದೆ ಎಂಬುದು ನಕ್ಷೆಯಲ್ಲಿ ಇಲ್ಲ. ಅದಕ್ಕೆ ಚಂದ್ರಶೇಖರ್ ಮತ್ತು ಫರ್ಮಿ 1953ರಲ್ಲಿ ತೋರಿಸಿದ ದಾರಿಯಲ್ಲಿ, ದಿಕ್ಕುಗಳ ಚದುರುವಿಕೆಯ ಜೊತೆಗೆ ಅನಿಲದ ಸಾಂದ್ರತೆಯನ್ನೂ ಅದರ ವೇಗಗಳ ಹರವನ್ನೂ ಬೇರೆ ಕಡೆಯಿಂದ ತಂದು ಸೇರಿಸಬೇಕು. ಇನ್ನು ಸೂಕ್ಷ್ಮತೆಯ ಮಾತು. 353 ಗಿಗಾಹರ್ಟ್ಸ್‌ನಲ್ಲಿ ಪ್ಲ್ಯಾಂಕ್‌ಗೆ ಕಾಣುವ ಕನಿಷ್ಠ ಅಳತೆ ಸುಮಾರು 5 ಆರ್ಕ್‌ಮಿನಿಟ್, ಎಂದರೆ ಹುಣ್ಣಿಮೆ ಚಂದ್ರನ ಅಗಲದ ಆರನೆಯ ಒಂದು ಭಾಗ. ವೃಷಭದ ದೂರದಲ್ಲಿ ಅದು ಸುಮಾರು 0.2 ಪಾರ್ಸೆಕ್ (ಒಂದು ಪಾರ್ಸೆಕ್ ಎಂದರೆ ಸುಮಾರು 3.26 ಜ್ಯೋತಿರ್ವರ್ಷ) ಆಗುತ್ತದೆ. ಹರ್ಷೆಲ್ ಅಳೆದ ಎಳೆಗಳ ಅಗಲವೋ ಸುಮಾರು 0.1 ಪಾರ್ಸೆಕ್. ಹಾಗಾಗಿ ಎಳೆಯ ಒಳಗೆ, ನಕ್ಷತ್ರ ನಿಜವಾಗಿ ಗಟ್ಟಿಯಾಗುವ ತಿರುಳಿನಲ್ಲಿ, ಕ್ಷೇತ್ರ ಹೇಗೆ ಬಾಗಿದೆ ಎಂಬುದು ಇಲ್ಲಿ ಕಾಣುವುದಿಲ್ಲ. ಆ ತಿರುಳು ಬೇಕಾದವರು ಹವಾಯಿಯ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕದ ಬಿಸ್ಟ್ರೋ ಸಮೀಕ್ಷೆಯತ್ತ ಹೋಗಬೇಕು. ಅಲ್ಲಿ 850 ಮೈಕ್ರಾನ್ ತರಂಗದಲ್ಲಿ ಸುಮಾರು 14 ಆರ್ಕ್‌ಸೆಕೆಂಡಿನವರೆಗೂ (ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡು) ವಿವರ ಸಿಗುತ್ತದೆ.