ಮಾಡೆಲ್ ವಿಮಾನದ ಕೆಳಗೆ ಯಾವ ನೆಲ? ನಾಲ್ಕು ಬಗೆಯ ಪ್ರಿಂಟೆಡ್ ಬೇಸ್‌ಗಳ ಹೋಲಿಕೆ

ವಾರಗಟ್ಟಲೆ ಕೂತು 1/72 ಅಳತೆಯ ಮಿಗ್-21 ಕಟ್ಟಿ, ಬಣ್ಣ ಹೊಡೆದು, ಡಿಕ್ಯಾಲ್ (ಗುರುತು, ಸಂಖ್ಯೆಗಳ ತೆಳು ಚಿತ್ರ) ಅಂಟಿಸಿ, ಕೊನೆಗೆ ಕಪಾಟಿನ ಗಾಜಿನ ಮೇಲೆ ನಿಲ್ಲಿಸಿದರೆ ಅದು ಆಟಿಕೆಯೇ. ಕೆಳಗೊಂದು ಕಾಂಕ್ರೀಟ್ ನೆಲದ ಚಿತ್ರ ಬಂದರೆ ಕಣ್ಣಿಗೆ ಅಳತೆ ಸಿಗುತ್ತದೆ. ಡಯೋರಾಮಾ, ಅಂದರೆ ಸುತ್ತಲಿನ ಇಡೀ ದೃಶ್ಯದ ಪುಟ್ಟ ಮಾದರಿ, ಮಾಡುವಷ್ಟು ತಾಳ್ಮೆಯೂ ಜಾಗವೂ ಇಲ್ಲದವರಿಗೆ ಪ್ರಿಂಟೆಡ್ ಬೇಸ್ ಒಳ್ಳೆಯ ದಾರಿ. ಮನೆಯ ಇಂಕ್‌ಜೆಟ್ ಪ್ರಿಂಟು, ಫ್ಲೆಕ್ಸ್ ಅಂಗಡಿಯ ವಿನೈಲ್, ಮೌಸ್‌ಪ್ಯಾಡ್ ಥರದ ರಬ್ಬರ್ ಮ್ಯಾಟ್, 3ಡಿ ಪ್ರಿಂಟು – ನಾಲ್ಕನ್ನೂ ಅಕ್ಕಪಕ್ಕ ಇಟ್ಟು, ಅದೇ ವಿಮಾನವನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಡಿಪಿಐ (ಒಂದು ಇಂಚಿಗೆ ಬೀಳುವ ಚುಕ್ಕೆಗಳು) ಎಷ್ಟು ಎಂದು. ಲೆಕ್ಕ ಸುಲಭ. 300 ಡಿಪಿಐಯಲ್ಲಿ ಒಂದು ಚುಕ್ಕೆ ಸುಮಾರು 0.085 ಮಿ.ಮೀ.; 1/72ರಲ್ಲಿ ಅದು ನಿಜವಾದ ನೆಲದ 6 ಮಿ.ಮೀ.ಗೆ ಸಮ. ಕಾಂಕ್ರೀಟ್ ಚಪ್ಪಡಿಗಳ ನಡುವಿನ ಸಂದು ಒಂದು ಸೆಂ.ಮೀ. ಆಸುಪಾಸು ಎಂದುಕೊಂಡರೆ ಎರಡು ಚುಕ್ಕೆಯಲ್ಲಿ ಗೆರೆ ಮೂಡುತ್ತದೆ, ಅಷ್ಟು ಸಾಕು. 100 ಡಿಪಿಐಗೆ ಇಳಿದರೆ ಒಂದೇ ಚುಕ್ಕೆ 18 ಮಿ.ಮೀ. ಆಗಿ, ಸಂದು ಚರಂಡಿಯಷ್ಟು ಅಗಲ ಕಾಣುತ್ತದೆ. ಹಾಗಾಗಿ 300 ಇದ್ದರೆ ಮುಂದಕ್ಕೆ ಹೋಗಿ. ಅದಕ್ಕಿಂತ ಮುಖ್ಯವಾದದ್ದು ಹೊಳಪು. ಒಣಗಿದ ಕಾಂಕ್ರೀಟಿಗೆ ಹೊಳಪಿಲ್ಲ. ಪ್ರಿಂಟು ಸ್ವಲ್ಪ ಮಿನುಗಿದರೂ ವಿಮಾನದ ಹೊಟ್ಟೆ ತಲೆಕೆಳಗಾಗಿ ನೆಲದಲ್ಲಿ ಕಾಣತೊಡಗುತ್ತದೆ, ನೆರಳು ತೆಳುವಾಗುತ್ತದೆ. ವಿಮಾನವನ್ನು ನೆಲದ ಮೇಲೆ ಕೂರಿಸುವುದೇ ಆ ನೆರಳು. ಚಿತ್ರದಲ್ಲೇ ನೆರಳು ಬಿದ್ದಿರುವ ಬೇಸ್‌ಗಳನ್ನಂತೂ ಮುಟ್ಟಲೇಬೇಡಿ. ಕಪಾಟಿನ ದೀಪ ಒಂದು ಕಡೆ, ಚಿತ್ರದ ಸೂರ್ಯ ಇನ್ನೊಂದು ಕಡೆ.

ಈ ಹೊಳಪಿನ ಪರೀಕ್ಷೆಯಲ್ಲಿ ಮನೆಯ ಇಂಕ್‌ಜೆಟ್, ಮ್ಯಾಟ್ (ಹೊಳಪಿಲ್ಲದ) ಫೋಟೋ ಪೇಪರ್ ಜೋಡಿ ಸಲೀಸಾಗಿ ಪಾಸು. ಬಣ್ಣ ನಮ್ಮ ಕೈಯಲ್ಲೇ ಇರುತ್ತದೆ, ಬೂದು ಸರಿಬರಲಿಲ್ಲವೆಂದರೆ ತಿದ್ದಿ ಇನ್ನೊಂದು ಹಾಳೆ ತೆಗೆಯಬಹುದು. ತೊಂದರೆ ಶುರುವಾಗುವುದು ಅಂಟಿಸುವಾಗ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮೇಲೆ ಫೆವಿಕಾಲ್ ಸವರಿ ಅಂಟಿಸಿದರೆ ಕಾಗದ ಒಣಗುತ್ತ ಕುಗ್ಗಿ ಹಲಗೆಯನ್ನೇ ಬಗ್ಗಿಸುತ್ತದೆ. ಹಿಂಬದಿಗೂ ಅಷ್ಟೇ ದಪ್ಪದ ಖಾಲಿ ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಇಲ್ಲವೇ ಡಬಲ್ ಸೈಡ್ ಅಂಟಿನ ಹಾಳೆ ಬಳಸಿ. ಡೈ ಇಂಕ್ ಆದರೆ ನೀರಿನ ಹನಿ ಬಿದ್ದಲ್ಲಿ ಕಲೆ, ಕಿಟಕಿ ಪಕ್ಕ ಇಟ್ಟರೆ ಬಣ್ಣ ಮಾಸುವುದು ಖಚಿತ. ಪಿಗ್ಮೆಂಟ್ ಇಂಕ್ ಬಾಳಿಕೆ ಹೆಚ್ಚು. ಇನ್ನು ಗಾತ್ರ: ಮಿಗ್-21, ಮೂತಿಯ ಕಡ್ಡಿಯನ್ನೂ ಸೇರಿಸಿ, 1/72ರಲ್ಲಿ ಸುಮಾರು 22 ಸೆಂ.ಮೀ., ಎ4 ಸಾಕು. 1/48ರಲ್ಲಿ 33 ಸೆಂ.ಮೀ. ಆಗುವುದರಿಂದ ಎರಡು ಎ4 ಜೋಡಿಸಬೇಕು. ಚಪ್ಪಡಿಯ ಸಂದಿನ ಗೆರೆಯ ಮೇಲೇ ಕತ್ತರಿಸಿ ಜೋಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಫ್ಲೆಕ್ಸ್ ಅಂಗಡಿಯ ವಿನೈಲಿಗೆ ಗಾತ್ರದ ಚಿಂತೆಯೇ ಇಲ್ಲ. 5 ಮಿ.ಮೀ. ಸನ್‌ಬೋರ್ಡಿಗೆ ಅವರೇ ಅಂಟಿಸಿ ಅಂಚು ಕತ್ತರಿಸಿ ಕೊಡುತ್ತಾರೆ, ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಆದರೆ ರಸ್ತೆಯಾಚೆಯಿಂದ ನೋಡುವ ಬ್ಯಾನರ್ ಮಾಡಿ ರೂಢಿಯಾದ ಕೈ ಅದು. ಬರೀ ಬೂದು ಬಣ್ಣವೆಂದರೆ ಕೆಲವು ಮಷೀನಿನಲ್ಲಿ ಗುಲಾಬಿಗೆ ವಾಲುತ್ತದೆ, ಕೆಲವದರಲ್ಲಿ ಹಸಿರಿಗೆ. ಅಂಗೈಯಗಲದ ಸ್ಯಾಂಪಲ್ ತೆಗೆಸದೆ ದೊಡ್ಡದಕ್ಕೆ ಹೇಳಬೇಡಿ. ಮ್ಯಾಟ್ ಲ್ಯಾಮಿನೇಷನ್ ಹಾಕಿಸಿದರೂ ಎಲ್‌ಇಡಿ ಕೆಳಗೆ ತುಸು ಮಿನುಗು ಉಳಿಯುತ್ತದೆ. ಇನ್ನೊಂದು ಸೂಕ್ಷ್ಮ: ವಿನೈಲ್ ಎಂದರೆ ಮೆತ್ತಗಿನ ಪಿವಿಸಿ, ಅದನ್ನು ಮೆತ್ತಗಾಗಿಸಲು ಬೆರೆಸುವ ಪ್ಲಾಸ್ಟಿಸೈಸರ್ ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಆಗದು. ಹಳೆಯ ಕಿಟ್‌ಗಳಲ್ಲಿ ವಿನೈಲ್ ಟೈರು ಪ್ಲಾಸ್ಟಿಕ್ ಚಕ್ರವನ್ನು ಕರಗಿಸಿದ್ದು ಕಂಡವರಿಗೆ ಇದು ಗೊತ್ತು. ವರ್ಷಗಟ್ಟಲೆ ಇಡುವುದಾದರೆ ಚಕ್ರದಡಿ ಚೂರು ಕಾಗದ ಸೇರಿಸುವುದು ಕ್ಷೇಮ.

ರಬ್ಬರ್ ಮ್ಯಾಟ್ ನೆರಳಿನ ವಿಷಯದಲ್ಲಿ ಎಲ್ಲಕ್ಕಿಂತ ಮುಂದೆ. ಮೇಲಿರುವುದು ಬಟ್ಟೆಯಾದ್ದರಿಂದ ಹೊಳಪೆಂಬುದೇ ಇಲ್ಲ; ಸುರುಳಿ ಸುತ್ತಿ ಚೀಲದಲ್ಲಿಟ್ಟು ಪ್ರದರ್ಶನಕ್ಕೆ ಒಯ್ಯಬಹುದು. ಫೋಟೋ ತೆಗೆಯುವಾಗ ನಾನು ಇದನ್ನೇ ಹಾಸುವುದು. ಹತ್ತಿರದಿಂದ ನೋಡಿದರೆ ಮಾತ್ರ ನೇಯ್ಗೆ ಕಾಣುತ್ತದೆ. ಮೂಗಿನಲ್ಲಿ ಸೀಸ ತುಂಬಿದ ಭಾರದ ಮಾಡೆಲ್ ಆದರೆ ಮುಂದಿನ ಚಕ್ರ ಒಳಗೆ ಹೂತುಕೊಳ್ಳುತ್ತದೆ.

3ಡಿ ಪ್ರಿಂಟಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಕಾಂಕ್ರೀಟ್ ನೆಲವೆಂದರೆ ಸಪಾಟು, ಅದಕ್ಕೆ ಮೂರನೇ ಆಯಾಮ ಯಾಕೆ? ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ಹಾಕುವ ಫಿಲಮೆಂಟ್ ಪ್ರಿಂಟರಿನ 0.2 ಮಿ.ಮೀ. ಪದರ 1/72ರಲ್ಲಿ 14 ಮಿ.ಮೀ. ಮೆಟ್ಟಿಲು. ಇದು ಗೆಲ್ಲುವುದು ಒಂದೇ ಕಡೆ: ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಣರಂಗ ಸೇರಿದಂತೆ ಹಲವೆಡೆ ರನ್‌ವೇಗೆ ಹಾಸಿದ ತೂತು ತೂತಿನ ಉಕ್ಕಿನ ಹಲಗೆಗಳು. 10 ಅಡಿ ಉದ್ದ, 15 ಇಂಚು ಅಗಲದ ಆ ಹಲಗೆ 1/72ರಲ್ಲಿ 42 ಮಿ.ಮೀ. ಉದ್ದ, 5.3 ಮಿ.ಮೀ. ಅಗಲ, ಅಷ್ಟರಲ್ಲೇ 87 ತೂತು. ಅವನ್ನು ಚಿತ್ರದಲ್ಲಿ ತೋರಿಸಿದರೆ ಕಪ್ಪು ಬೊಟ್ಟು ಇಟ್ಟಂತಿರುತ್ತದೆ, ದ್ರವ ರೆಸಿನನ್ನು ಬೆಳಕಿನಿಂದ ಗಟ್ಟಿ ಮಾಡುವ ರೆಸಿನ್ ಪ್ರಿಂಟಿನಲ್ಲಿ ತೂತು ತೂತೇ. ಬಣ್ಣ ಹೊಡೆಯುವ ಕೆಲಸ ಮಾತ್ರ ಮತ್ತೆ ನಮ್ಮ ತಲೆಗೆ.

ಯಾವುದನ್ನೇ ಆರಿಸಿ, ಚಿತ್ರವನ್ನು ಅಳೆದು ನೋಡಿ. ಮಿಗ್-21ರ ರೆಕ್ಕೆಯಗಲ 7.15 ಮೀಟರ್. ಐದು ಮೀಟರಿನ ಚಪ್ಪಡಿಯಾದರೆ ರೆಕ್ಕೆ ಒಂದೂವರೆ ಚಪ್ಪಡಿಗೆ ಸ್ವಲ್ಪ ಕಡಿಮೆ ಚಾಚಬೇಕು. 1/72ರ ಮಾಡೆಲ್‌ನ ಇಡೀ ರೆಕ್ಕೆಯಗಲ ಒಂದೇ ಚಪ್ಪಡಿಯೊಳಗೆ ಅಡಗಿದರೆ ಅದು 1/48ರ ಚಿತ್ರ. ಊರನ್ನೂ ಗಮನಿಸಿ. ಇಂಟರ್‌ನೆಟ್ಟಿನಲ್ಲಿ ಸಿಗುವ ಚಿತ್ರಗಳಲ್ಲಿ ಬಹುಪಾಲು ಯುರೋಪಿನವು: ಮಳೆಗೆ ನೆನೆದ ಕಡು ಬೂದು, ಸಂದಿನಲ್ಲಿ ಹಸಿರು ಪಾಚಿ. ಬೆಂಗಳೂರಿನಲ್ಲಿ ಹುಟ್ಟಿ 1971ರಲ್ಲಿ ರಾಜಸ್ಥಾನದ ಉತ್ತರ್‌ಲಾಯಿಯಿಂದ ಹಾರಿದ ಮರುತ್ ಯುದ್ಧವಿಮಾನ ಅದರ ಮೇಲೆ ನಿಂತರೆ ನೋಡಲಾಗದು. ಪಾಚಿ ಅಳಿಸಿ, ಅಂಚಿಗೆ ಮರಳಿನ ಬಣ್ಣ ಕೊಟ್ಟ ಮೇಲೆಯೇ ನನ್ನ ಮರುತ್ ಕಪಾಟಿಗೇರಿತು, ಅದೂ ಮನೆಯ ಇಂಕ್‌ಜೆಟ್ ಪ್ರಿಂಟಿನ ಮೇಲೆ. ನೌಕಾಪಡೆಯ ಸೀ ಹ್ಯಾರಿಯರ್‌ಗೆ ವಿಮಾನವಾಹಕ ನೌಕೆ ವಿರಾಟ್‌ನ ಡೆಕ್ ಬೇಕೆಂದರೆ ಈ ನಾಲ್ಕೂ ಬೇಡ. ನೀರು ಹಾಕಿ ಉಜ್ಜುವ ನಯವಾದ ಕಪ್ಪು ಮರಳು ಕಾಗದಕ್ಕೆ ಬೂದು ಬಣ್ಣ ಹೊಡೆದು ಬಿಳಿ ಪಟ್ಟೆ ಎಳೆಯಿರಿ, ಪ್ರಿಂಟಿಗಿಂತ ಚೆನ್ನ.

ಹುಲ್ಲು ಮೈದಾನದ ಸ್ಪಿಟ್‌ಫೈರ್‌ಗೂ ಅಷ್ಟೇ. ಪ್ರಿಂಟಾದ ಹುಲ್ಲು ಮೇಲಿನಿಂದ ಮಾತ್ರ ಹುಲ್ಲು, ಕಣ್ಣೆತ್ತರದಲ್ಲಿ ಹಸಿರು ಕಾಗದ. 2 ಮಿ.ಮೀ. ಸ್ಟ್ಯಾಟಿಕ್ ಗ್ರಾಸ್ (ನಿಲ್ಲಿಸಿ ಅಂಟಿಸುವ ಕೃತಕ ಹುಲ್ಲಿನೆಳೆ) ತನ್ನಿ, 1/48ರಲ್ಲಿ ಅದು ಹತ್ತು ಸೆಂ.ಮೀ.ಗೆ ಹತ್ತಿರ ಬರುತ್ತದೆ. 1/72ಕ್ಕೆ ಇನ್ನೂ ಗಿಡ್ಡದ್ದು ಸಿಕ್ಕರೆ ಒಳ್ಳೆಯದು.