ಬೆಳಗಿನ ನಾಡಿಯೋ, ಓಟದ ನಂತರದ ನಾಡಿಯೋ?

ಒಂದನ್ನೇ ಬರೆದಿಡುವಷ್ಟು ವ್ಯವಧಾನವಿದ್ದರೆ ಬೆಳಗಿನದನ್ನು ಆರಿಸಿಕೊಳ್ಳಿ. ಹಾಸಿಗೆ ಬಿಡುವ ಮೊದಲು, ಕಾಫಿಗೂ ಮೊದಲು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿದರಾಯಿತು. ವಯಸ್ಕರಲ್ಲಿ 60ರಿಂದ 100 ಸಾಮಾನ್ಯ. ಪಳಗಿದ ಓಟಗಾರರಲ್ಲಿ 40ರ ಆಸುಪಾಸಿಗೂ ಇಳಿದಿರುತ್ತದೆ. ಎಂದಿನ ಅಂಕಿ ಏಕಾಏಕಿ ಏರಿದರೆ ನಿದ್ದೆಗೇಡು, ಜ್ವರ, ನೀರಿನ ಕೊರತೆ, ಅತಿಯಾದ ಅಭ್ಯಾಸ, ಯಾವುದಾದರೂ ಕಾರಣವಿರಬಹುದು.

ವ್ಯಾಯಾಮ ನಿಲ್ಲಿಸಿದ ಮೊದಲ ನಿಮಿಷದಲ್ಲಿ ನಾಡಿಯ ಇಳಿತ ಹೇಳುವುದೇ ಬೇರೆ: ಮಿದುಳಿನಿಂದ ಇಳಿದು ಬರುವ ವೇಗಸ್ ನರ ಹೃದಯಕ್ಕೆ ಎಷ್ಟು ಚುರುಕಾಗಿ ಕಡಿವಾಣ ಹಾಕುತ್ತದೆ ಎಂಬುದನ್ನು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ 12 ಬಡಿತ ಅಥವಾ ಅದಕ್ಕೂ ಕಡಿಮೆಯಷ್ಟೇ ಇಳಿದರೆ ವೈದ್ಯರು ಹುಬ್ಬೇರಿಸುತ್ತಾರೆ. ಮನೆಯಲ್ಲಾದರೋ ಕುಳಿತಿರಾ, ನಡೆದಿರಾ ಎಂಬುದರ ಮೇಲೇ ಅಂಕಿ ಬದಲಾಗುತ್ತದೆ. ಪ್ರತಿ ಸಲವೂ ಒಂದೇ ಕ್ರಮವಿಲ್ಲದಿದ್ದರೆ ಹೋಲಿಕೆ ವ್ಯರ್ಥ. ಹೃದಯ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರು ಎರಡನ್ನೂ ವೈದ್ಯರ ಮುಂದಿಟ್ಟೇ ಅರ್ಥೈಸಬೇಕು.